38ನೇ ವಯಸ್ಸಿನಲ್ಲಿ ಆನ್‌ಲೈನ್‌ನಲ್ಲಿ ಓದಿ ಹೊಸ ಕೆಲಸ ಹಿಡಿಯಬಹುದೇ? ಸೇರಿದ ಮೂರು ಕೋರ್ಸೂ ಅರ್ಧಕ್ಕೇ ನಿಂತಿವೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 38 ವರ್ಷ, ಹದಿಮೂರು ವರ್ಷದಿಂದ ಅಕೌಂಟ್ಸ್ ಕೆಲಸ, ಡೇಟಾ ಅನಾಲಿಸಿಸ್ ಕಡೆ ಹೋಗುವ ಆಸೆ. ಎಕ್ಸೆಲ್, ಎಸ್‌ಕ್ಯೂಎಲ್ (ಟೇಬಲ್‌ಗಳಲ್ಲಿರುವ ಡೇಟಾವನ್ನು ಕೇಳಿ ತೆಗೆಯುವ ಭಾಷೆ), ಪೈಥಾನ್ (ಪ್ರೋಗ್ರಾಂ ಬರೆಯುವ ಭಾಷೆ) ಅಂತ ಮೂರು ಕೋರ್ಸಿಗೆ ಸೇರಿದ್ದೀರಿ, ಒಂದೂ ಮುಗಿದಿಲ್ಲ. ಕೊನೆಯಲ್ಲಿ "ಇನ್ನು ನನ್ನ ತಲೆಗೆ ಹತ್ತುವುದಿಲ್ಲವೇನೋ" ಎಂದು ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಶುರು ಮಾಡಿದ್ದು 39ಕ್ಕೆ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಈಗ ಡೇಟಾ ಅನಾಲಿಸ್ಟ್. ನಡುವೆ ಹಿಡಿದದ್ದು ಇಪ್ಪತ್ತು ತಿಂಗಳು.

ಮೊದಲು ಆ ಅರ್ಧಕ್ಕೆ ನಿಂತ ಕೋರ್ಸುಗಳ ವಿಷಯ. ಅದನ್ನು ನಿಮ್ಮ ಬುದ್ಧಿಯ ಮೇಲೆ ಹಾಕಿಕೊಳ್ಳಬೇಡಿ. ಎಂಐಟಿ ಮತ್ತು ಹಾರ್ವರ್ಡ್ ಸೇರಿ 2012ರಲ್ಲಿ ಶುರು ಮಾಡಿದ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣದಲ್ಲಿ ಆ ಎರಡು ಸಂಸ್ಥೆಗಳು ನಡೆಸಿದ ಕೋರ್ಸುಗಳ ಲೆಕ್ಕವನ್ನು 2019ರಲ್ಲಿ ಸೈನ್ಸ್ ಪತ್ರಿಕೆ ಪ್ರಕಟಿಸಿತ್ತು. 2017-18ರಲ್ಲಿ ಸೇರಿದ ನೂರು ಜನರಲ್ಲಿ ಮುಗಿಸಿದವರು ಮೂರೇ ಚಿಲ್ಲರೆ. ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಠದ ಒಳಗೆ ಕಾಲೇ ಇಟ್ಟಿರಲಿಲ್ಲ. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಮಾತ್ರ ನೂರಕ್ಕೆ 46 ಜನ ಕೊನೆ ಮುಟ್ಟಿದ್ದರು. ಹಾಗಂತ ಹಣ ಕಟ್ಟಿಬಿಡಿ ಅನ್ನುತ್ತಿಲ್ಲ. ಮೊದಲೇ ಗಟ್ಟಿ ಮನಸ್ಸು ಮಾಡಿದವರೇ ಹಣ ಕಟ್ಟಿರಲೂಬಹುದು. ಬಿಟ್ಟುಹೋಗುವುದು ಇಲ್ಲಿ ಎಲ್ಲ ವಯಸ್ಸಿನವರಿಗೂ ಆಗುವ ಸಂಗತಿ, ಅಷ್ಟೇ.

ಏಕೆ ಬಿಟ್ಟುಹೋಗುತ್ತದೆ? ನನಗೆ ಆದದ್ದನ್ನು ಹೇಳುತ್ತೇನೆ. ಮೊದಲ ನಾಲ್ಕು ತಿಂಗಳು ನಾನು ವಿಡಿಯೋ ನೋಡಿದೆ. ನಲವತ್ತು ಗಂಟೆಯಷ್ಟು ಎಸ್‌ಕ್ಯೂಎಲ್ ಪಾಠ, ಎರಡು ನೋಟ್‌ಬುಕ್ ತುಂಬ ಬರಹ. ಹೇಳಿಕೊಡುವವರು ಚೆನ್ನಾಗಿ ಹೇಳುತ್ತಿದ್ದರು, ಎಲ್ಲವೂ ಅರ್ಥವಾಗುತ್ತಿತ್ತು. ಒಂದು ದಿನ ಪಾಠ ಬದಿಗಿಟ್ಟು ನಾನೇ ಒಂದು ಲೆಕ್ಕ ಹಾಕಿಕೊಂಡೆ. ಒಂದು ಟೇಬಲ್‌ನಲ್ಲಿ 340 ಐಟಂ, ಇನ್ನೊಂದರಲ್ಲಿ ಯಾವ ಐಟಂ ಯಾವತ್ತು ಎಷ್ಟು ಹೊರಗೆ ಹೋಯಿತು ಎಂಬ ವಿವರ. ನನಗೆ ಬೇಕಾದದ್ದು ಮಾರ್ಚ್ ತಿಂಗಳಲ್ಲಿ ಪ್ರತಿ ಐಟಂ ಎಷ್ಟು ಹೋಯಿತು ಅನ್ನುವುದು. ಒಂದೂ ಹೋಗದ ಐಟಂ ಕೂಡ ಪಟ್ಟಿಯಲ್ಲಿ ಇರಬೇಕು. ಲೆಫ್ಟ್ ಜಾಯಿನ್ (ಮೊದಲ ಟೇಬಲ್‌ನ ಎಲ್ಲ ಸಾಲನ್ನೂ ಉಳಿಸಿಕೊಂಡು ಎರಡನೆಯದನ್ನು ಜೋಡಿಸುವ ಆಜ್ಞೆ) ಹಾಕಿದೆ, ವೇರ್‌ನಲ್ಲಿ, ಅಂದರೆ ಸಾಲುಗಳನ್ನು ಸೋಸುವ ಭಾಗದಲ್ಲಿ, ಮಾರ್ಚ್ ತಾರೀಕು ಕೊಟ್ಟೆ, ಓಡಿಸಿದೆ. ಬಂದದ್ದು 212 ಸಾಲು.

128 ಐಟಂ ಎಲ್ಲಿ ಹೋದವು? ಎರಡು ಗಂಟೆ ಹುಡುಕಿದೆ. ಒಂದೂ ಹೋಗದ ಐಟಂ ಎದುರಿಗೆ ತಾರೀಕಿನ ಜಾಗದಲ್ಲಿ ನಲ್, ಅಂದರೆ ಖಾಲಿ, ಇರುತ್ತದೆ. ನಲ್ ಅನ್ನು ಯಾವ ತಾರೀಕಿನ ಜೊತೆ ಹೋಲಿಸಿದರೂ ಉತ್ತರ ನಿಜ ಎಂದು ಬರುವುದಿಲ್ಲ, ಹಾಗಾಗಿ ವೇರ್ ಆ ಸಾಲುಗಳನ್ನು ಪೂರ್ತಿ ಎತ್ತಿಹಾಕಿತ್ತು. ತಾರೀಕಿನ ಷರತ್ತನ್ನು ವೇರ್‌ನಿಂದ ತೆಗೆದು ಜಾಯಿನ್‌ನ ಆನ್ ಭಾಗಕ್ಕೆ (ಟೇಬಲ್‌ಗಳನ್ನು ಯಾವ ಆಧಾರದ ಮೇಲೆ ಜೋಡಿಸಬೇಕು ಅಂತ ಹೇಳುವ ಜಾಗ) ಸೇರಿಸಿದೆ. 340 ಬಂತು. ಆಮೇಲೆ ನೋಟ್‌ಬುಕ್ ತೆರೆದು ನೋಡಿದರೆ, ಇದೇ ಮಾತನ್ನು ಆರು ವಾರದ ಹಿಂದೆ ನಾನೇ ಬರೆದುಕೊಂಡು ಅಡಿಗೆರೆ ಹಾಕಿದ್ದೆ.

ಕೇಳಿ ಅರ್ಥವಾಗಿದ್ದಕ್ಕೂ ಕೈಗೆ ಬಂದಿದ್ದಕ್ಕೂ ಎಷ್ಟು ದೂರ ಅಂತ ಗೊತ್ತಾಗಿದ್ದು ಅವತ್ತು. ಇದರ ಬಗ್ಗೆ ಪ್ರಯೋಗಗಳೂ ನಡೆದಿವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕೆಲವರಿಗೆ ಒಂದು ಪಠ್ಯವನ್ನು ಮತ್ತೆ ಮತ್ತೆ ಓದಲು ಹೇಳಿದರು, ಇನ್ನು ಕೆಲವರಿಗೆ ಓದಿದ ಮೇಲೆ ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೋಡದೆ ಬರೆದವರು ಅವರನ್ನು ದಾಟಿದ್ದರು. ಅಂದರೆ ಪಾಠ ಮುಗಿದ ಕೂಡಲೇ "ಬಂತು" ಅನ್ನಿಸುತ್ತದಲ್ಲ, ಆ ಅನ್ನಿಸಿಕೆಯನ್ನು ನಂಬುವ ಹಾಗಿಲ್ಲ. ಮೂರನೇ ವಾರ ಏನೂ ನೆನಪಿಲ್ಲದಾಗ ವಯಸ್ಸನ್ನು ದೂರುತ್ತೇವೆ, ಕೋರ್ಸ್ ಬಿಡುತ್ತೇವೆ. ನಿಮ್ಮ ಮೂರು ಕೋರ್ಸುಗಳ ಕಥೆಯೂ ಇದೇ ಇರಬೇಕು ಅಂತ ನನ್ನ ಊಹೆ.

ಅವತ್ತಿನಿಂದ ಓದುವ ಕ್ರಮ ಬದಲಿಸಿದೆ. ಹತ್ತು ನಿಮಿಷ ಪಾಠ, ಆಮೇಲೆ ವಿಡಿಯೋ ಮುಚ್ಚಿ ಖಾಲಿ ಪರದೆಯಲ್ಲಿ ಅದನ್ನೇ ನಾನು ಮಾಡುವುದು. ಸಿಕ್ಕಿಹಾಕಿಕೊಂಡರೆ ಎರರ್ ಮೆಸೇಜ್ ಪೂರ್ತಿ ಓದುವುದು, ಆಮೇಲೂ ತಿಳಿಯದಿದ್ದರೆ ಮಾತ್ರ ಪಾಠಕ್ಕೆ ಮರಳುವುದು. ಮಾರನೇ ದಿನ ಹೊಸ ಪಾಠಕ್ಕೆ ಮುಂಚೆ ನಿನ್ನೆಯದನ್ನು ಇನ್ನೊಮ್ಮೆ ಖಾಲಿಯಿಂದ. ಒಂದು ವಾರ ಬಿಟ್ಟು ಮತ್ತೊಮ್ಮೆ. ಮೊದಮೊದಲು ವೇಗ ತುಂಬ ಕಡಿಮೆಯಾಯಿತು, ವಾರಕ್ಕೆ ನಾಲ್ಕು ಗಂಟೆಯ ಪಾಠ ಮುಗಿಸುತ್ತಿದ್ದವನು ಒಂದು ಗಂಟೆಯದಕ್ಕೆ ಇಳಿದೆ. ಆದರೆ ಕಲಿತದ್ದು ಉಳಿಯಿತು.

ಸಮಯದ ಬಗ್ಗೆ ಕೇಳಿದ್ದೀರಿ. ಬೆಳಿಗ್ಗೆ 50 ನಿಮಿಷ, ವಾರಕ್ಕೆ ಐದು ದಿನ, ಇಷ್ಟೇ ನನ್ನ ಲೆಕ್ಕ. ಒಟ್ಟು ಸುಮಾರು 350 ಗಂಟೆ ಆಗಿರಬಹುದು. ರಾತ್ರಿ ಪ್ರಯತ್ನಿಸಿದ್ದೆ, ದಿನವಿಡೀ ದುಡಿದು ಬಂದ ತಲೆ ಆ ಹೊತ್ತಿಗೆ ಯಾವುದನ್ನೂ ಹಿಡಿಯುತ್ತಿರಲಿಲ್ಲ. ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೆ, ಆ 50 ನಿಮಿಷ ನನ್ನನ್ನು ಕರೆಯಬೇಡಿ ಅಂತ. ಒಮ್ಮೆ ಅಪ್ಪ ಆಸ್ಪತ್ರೆ ಸೇರಿ ಮೂರು ವಾರ ಏನೂ ಓದಲಿಲ್ಲ. ಇಂಥ ಅಂತರ ನಿಮಗೂ ಬರುತ್ತದೆ. ವಾಪಸ್ ಬಂದಾಗ ಮೊದಲಿನಿಂದ ಶುರು ಮಾಡಬೇಡಿ, ಬಿಟ್ಟ ಜಾಗದಿಂದ ಎರಡು ಪಾಠ ಹಿಂದಕ್ಕೆ ಹೋಗಿ ಅಲ್ಲಿಂದ ಹಿಡಿಯಿರಿ. ಹೊಸ ಕೋರ್ಸ್ ಹುಡುಕುವ ಆಸೆ ಆಗಲೇ ಬರುವುದು, ಅದಕ್ಕೆ ಜಾಗ ಕೊಡಬೇಡಿ.

ನಿಮ್ಮ ಹದಿಮೂರು ವರ್ಷ ವ್ಯರ್ಥವಾಯಿತು ಎಂಬ ಧ್ವನಿ ಪ್ರಶ್ನೆಯಲ್ಲಿದೆ. ನನಗೆ ಬೇಸರವಾದದ್ದು ಅಲ್ಲಿಯೇ. 212 ಸಾಲು ಬಂದಾಗ ಅದು ತಪ್ಪು ಅಂತ ನನಗೆ ಯಾರು ಹೇಳಿದರು? ಕಂಪ್ಯೂಟರ್ ಹೇಳಲಿಲ್ಲ. ಎರರ್ ಬಂದಿರಲಿಲ್ಲ, ಉತ್ತರ ನೀಟಾಗಿ ಪರದೆ ಮೇಲಿತ್ತು. ಸ್ಟಾಕ್ ಎಣಿಸಿ ಎಣಿಸಿ ಬಂದ ಅಭ್ಯಾಸದಿಂದ ಐಟಂಗಳ ಸಂಖ್ಯೆ ತಾಳೆ ನೋಡಿದೆ, ತಾಳೆ ಬೀಳಲಿಲ್ಲ. ಈಗ ಎಐಗೆ ಹೇಳಿದರೆ ಕ್ವೆರಿಯನ್ನು, ಅಂದರೆ ಡೇಟಾ ಕೇಳುವ ಎಸ್‌ಕ್ಯೂಎಲ್ ಸಾಲುಗಳನ್ನು, ಕ್ಷಣದಲ್ಲಿ ಬರೆದುಕೊಡುತ್ತದೆ. ಬಂದ ಸಂಖ್ಯೆ ನಂಬುವಂಥದ್ದೇ ಅಂತ ನೋಡುವ ಕಣ್ಣು ಮನುಷ್ಯನಿಗೆ ಬೇಕೇ ಬೇಕು. ಡೆಬಿಟ್ ಕ್ರೆಡಿಟ್ ತಾಳೆಯಾಗದೆ ಮನೆಗೆ ಹೋಗದ ನಿಮಗೆ ಆ ಕಣ್ಣು ಆಗಲೇ ಇದೆ. ಇಪ್ಪತ್ತೆರಡರ ಹುಡುಗರು ಅದನ್ನು ಇನ್ನು ಮುಂದೆ ಸಂಪಾದಿಸಬೇಕು.

ಆದ್ದರಿಂದ ಕೋರ್ಸಿನವರು ಕೊಡುವ ಸಿದ್ಧ ಡೇಟಾದಲ್ಲಿ ಎಲ್ಲರೂ ಮಾಡುವ ಪ್ರಾಜೆಕ್ಟ್ ಮಾಡಬೇಡಿ. ನಿಮ್ಮ ಕ್ಷೇತ್ರದ ಪ್ರಶ್ನೆ ಹಿಡಿಯಿರಿ. ಗ್ರಾಹಕರಿಂದ ಬರಬೇಕಾದ ಬಾಕಿಯನ್ನು 30, 60, 90 ದಿನ ಅಂತ ವಿಂಗಡಿಸಿ, ಯಾರು ಪ್ರತಿ ಸಲ ತಡ ಮಾಡುತ್ತಾರೆ, ಯಾವ ತಿಂಗಳು ಹಣ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ತೋರಿಸಿ. ನಿಮ್ಮ ಕಂಪನಿಯ ನಿಜವಾದ ಡೇಟಾ ಮಾತ್ರ ಮುಟ್ಟಬೇಡಿ. ಅದೇ ರೀತಿಯ ಹೆಸರು, ಮೊತ್ತಗಳನ್ನು ನೀವೇ ಕಟ್ಟಿಕೊಳ್ಳಿ. ನಾನು ಮಾಡಿದ್ದು 180 ದಿನ ಅಲುಗಾಡದ ಸ್ಟಾಕ್ ಯಾವುದು ಎಂಬ ಪ್ರಾಜೆಕ್ಟ್. 31 ಕಡೆ ಅರ್ಜಿ ಹಾಕಿ ನಾಲ್ಕು ಕಡೆಯಿಂದ ಕರೆ ಬಂತು. ಎಲ್ಲೂ ಸರ್ಟಿಫಿಕೇಟ್ ಬಗ್ಗೆ ಎರಡನೇ ಪ್ರಶ್ನೆ ಬರಲಿಲ್ಲ. ಕೆಲಸ ಸಿಕ್ಕಿದ ಕಡೆ ಕೇಳಿದ್ದು ಒಂದೇ: "90 ದಿನ ಯಾಕಲ್ಲ, 180 ಯಾಕೆ?" ವರ್ಷಕ್ಕೆ ಎರಡೇ ಸಲ ಹೋಗುವ ಬಿಡಿಭಾಗಗಳಿರುತ್ತವೆ, 90 ಇಟ್ಟರೆ ಅವೆಲ್ಲ ಸತ್ತ ಸ್ಟಾಕ್ ಆಗಿಬಿಡುತ್ತವೆ ಅಂದೆ. ಇಪ್ಪತ್ತು ನಿಮಿಷ ಅದರ ಮೇಲೆಯೇ ಮಾತು ನಡೆಯಿತು.

ಈಗಿನ ಕೆಲಸ ಬಿಟ್ಟು ಓದಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ಸಂಬಳ ನಿಂತ ಮೇಲೆ ಪ್ರತಿ ತಿಂಗಳೂ ಗಡುವಾಗುತ್ತದೆ, ಗಾಬರಿಯಲ್ಲಿ ಓದು ಸಾಗುವುದಿಲ್ಲ.

ಮೂರರಲ್ಲಿ ಎಸ್‌ಕ್ಯೂಎಲ್ ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಸದ್ಯಕ್ಕೆ ಮುಚ್ಚಿಬಿಡಿ. ಎಕ್ಸೆಲ್ ನಿಮಗೆ ಆಫೀಸಿನಲ್ಲೇ ಸಾಕಷ್ಟು ಬಂದಿರುತ್ತದೆ, ಪೈಥಾನ್ ಆರು ತಿಂಗಳು ಕಾಯಲಿ. ಎಸ್‌ಕ್ಯೂಎಲ್ ಹುಟ್ಟಿದ್ದು 1970ರ ದಶಕದಲ್ಲಿ ಐಬಿಎಂನಲ್ಲಿ, ಇವತ್ತಿಗೂ ಈ ಕೆಲಸದ ಬುನಾದಿ ಅದೇ. ಕಲಿತದ್ದು ಮುಂದಿನ ವರ್ಷ ಹಳೆಯದಾಗುವ ಭಯವಿಲ್ಲ. ನಾಳೆ ಬೆಳಿಗ್ಗೆ ಎರಡು ಟೇಬಲ್ ಮಾಡಿ: ಒಂದರಲ್ಲಿ ಇಪ್ಪತ್ತು ಗ್ರಾಹಕರು, ಇನ್ನೊಂದರಲ್ಲಿ ಐವತ್ತು ಇನ್‌ವಾಯ್ಸ್. ಐದು ಗ್ರಾಹಕರಿಗೆ ಒಂದೂ ಇನ್‌ವಾಯ್ಸ್ ಇರಬಾರದು. ಒಂದು ತಿಂಗಳ ಬಾಕಿ ಪಟ್ಟಿ ತೆಗೆಯಿರಿ, ಇಪ್ಪತ್ತೂ ಹೆಸರು ಬರಬೇಕು. ಬರದಿದ್ದರೆ ಕ್ವೆರಿಯನ್ನು ಈ ಉತ್ತರದ ಕೆಳಗೆ ಹಾಕಿ, ನಾನು ನೋಡುತ್ತೇನೆ.