ಹಳೇ ಕಾರಿನ ಮೂತಿ ಜಖಂ: ಕ್ಲೇಮ್ ದುಡ್ಡಲ್ಲೇ ರಿಪೇರಿ ಆಗುತ್ತಾ?

ಪ್ರಶ್ನೆ: ನನ್ನ ಕಾರಿಗೆ 13 ವರ್ಷ. ಮುಂದಿದ್ದ ಗಾಡಿಗೆ ಗುದ್ದಿ ಬಾನೆಟ್, ಬಂಪರ್, ಎಡಗಡೆ ಫೆಂಡರ್, ಹೆಡ್‌ಲೈಟ್ ಎಲ್ಲಾ ಹೋಗಿವೆ, ರೇಡಿಯೇಟರ್ ಸೋರುತ್ತಿದೆ. ಏರ್‌ಬ್ಯಾಗ್ ತೆರೆದುಕೊಂಡಿಲ್ಲ. ವಿಮೆ ಕಂಪನಿಯವರು ಗುಜರಿ ಬೆಲೆ ಕಳೆದು ಉಳಿದ ದುಡ್ಡು ಕೊಡುತ್ತೇವೆ, ಕಾರು ನೀವೇ ಇಟ್ಟುಕೊಳ್ಳಿ ಅನ್ನುತ್ತಿದ್ದಾರೆ. ಶೋರೂಂ ಎಸ್ಟಿಮೇಟ್ ಅದಕ್ಕಿಂತ ತುಂಬಾ ಜಾಸ್ತಿ. ಎಂಜಿನ್ ಚೆನ್ನಾಗಿದೆ, ಬ್ಯಾಟರಿ ಇಳಿಯದಿರಲಿ ಅಂತ ದಿನಾ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡುತ್ತೇನೆ. ಕಡಿಮೆ ಖರ್ಚಲ್ಲಿ ಸರಿ ಮಾಡಿಸಬಹುದಾ? ಆಮೇಲೆ ಫುಲ್ ಇನ್ಶೂರೆನ್ಸ್ ಬೇಕಾ?

ಉತ್ತರ: ಮೊದಲು ಆ ಸ್ಟಾರ್ಟ್ ಮಾಡುವುದನ್ನು ಇವತ್ತೇ ನಿಲ್ಲಿಸಿ. ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಸೋರಿ ಖಾಲಿಯಾಗಿದ್ದರೆ ಬಿಸಿ ತೋರಿಸುವ ಮೀಟರಿನ ಮುಳ್ಳನ್ನೂ ನಂಬುವ ಹಾಗಿಲ್ಲ, ಯಾಕೆಂದರೆ ಸೆನ್ಸರ್ ನೀರಲ್ಲಿ ಮುಳುಗಿಲ್ಲದಿದ್ದರೆ ಎಂಜಿನ್ ಕಾದು ಕೆಂಪಾದರೂ ಅದು ಕಡಿಮೆ ಬಿಸಿಯನ್ನೇ ತೋರಿಸಬಹುದು. ಆ ಬಿಸಿಗೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಸೊಟ್ಟಗಾದರೆ ನಿಮ್ಮ ಲೆಕ್ಕಾಚಾರವೇ ಮುಗಿಯಿತು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ, ಅಷ್ಟೇ ಸಾಕು.

ಕಂಪನಿಯ ಮಾತಿಗೆ ಒಪ್ಪಿ ಸಹಿ ಹಾಕುವ ಮುಂಚೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಕಾರನ್ನು ದಾಖಲೆಯಲ್ಲಿ ‘ಟೋಟಲ್ ಲಾಸ್’, ಅಂದರೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲದಷ್ಟು ಹಾಳಾಗಿದೆ ಅಂತ ಬರೆಯುತ್ತಾರಾ? ಹಾಗೆ ಬರೆದರೆ ಮತ್ತೆ ರಸ್ತೆಗೆ ಇಳಿಸಲು ತಪಾಸಣೆ ಬೇಕಾಗಬಹುದು, ಮುಂದೆ ವಿಮೆ ಸಿಗುವುದೂ ಕಷ್ಟವಾಗಬಹುದು, ಮಾರುವಾಗ ಬೆಲೆ ಬೀಳುವುದಂತೂ ಖಂಡಿತ. ಗುಜರಿ ಬೆಲೆ ಎಷ್ಟು ಹಿಡಿದಿದ್ದಾರೆ ಅಂತಲೂ ನೋಡಿ. ಅದನ್ನು ಜಾಸ್ತಿ ತೋರಿಸಿದಷ್ಟೂ ನಿಮ್ಮ ಕೈಗೆ ಬರುವುದು ಕಡಿಮೆ, ಅಲ್ವಾ? ಸುಮ್ನೆ ಒಪ್ಪಿಕೊಳ್ಳಬೇಡಿ, ಲೆಕ್ಕ ಬರಹದಲ್ಲಿ ಕೇಳಿ.

ಆಮೇಲೆ ಒಂದೂ ಪಾರ್ಟ್ ಕೊಳ್ಳದೆ ಬಂಪರ್ ಬಿಚ್ಚಿಸಿ. ಅದರ ಹಿಂದೆ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ಅದರ ಹಿಂದೆ ಚಾಸಿಯ ಎರಡು ಉದ್ದ ಕೋಲು. ಆ ಕೋಲುಗಳ ಮೇಲೆ ಕೈ ಆಡಿಸಿ ನೋಡಿ: ಎಲ್ಲಾದರೂ ಸುಕ್ಕು ಬಿದ್ದಿದೆಯಾ, ಬಣ್ಣ ಚಕ್ಕೆ ಎದ್ದಿದೆಯಾ? ಎಂಜಿನ್ ಕೋಣೆಯಲ್ಲಿ ಎಡಮುಂದಿನ ಬೋಲ್ಟಿಂದ ಬಲಹಿಂದಿನ ಬೋಲ್ಟಿಗೆ, ಬಲಮುಂದಿನದರಿಂದ ಎಡಹಿಂದಿನದಕ್ಕೆ ಅಡ್ಡಡ್ಡ ಟೇಪ್ ಹಿಡಿಸಿ. ಎರಡು ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಚಾಸಿ ತಿರುಚಿದೆ. ಅದನ್ನು ಎಳೆದು ನೇರ ಮಾಡಲು ಕಾರನ್ನು ಬಿಗಿದು ನಿಲ್ಲಿಸುವ ಬೆಂಚ್ ಅನ್ನುವ ದೊಡ್ಡ ಚೌಕಟ್ಟು ಬೇಕು, ಅದು ಅಗ್ಗದ ಕೆಲಸವಲ್ಲ. ಹಾಗಾಗಿದ್ದರೆ ಮನಸ್ಸು ಗಟ್ಟಿ ಮಾಡಿಕೊಂಡು ಕಾರು ಬಿಟ್ಟುಬಿಡಿ ಅಂತಲೇ ನಾನು ಹೇಳುವುದು.

ಚಾಸಿ ಸರಿಯಿದ್ದರೆ ದಾರಿ ಸಲೀಸು. ಬಾನೆಟ್, ಫೆಂಡರ್, ಹೆಡ್‌ಲೈಟ್ ಎಲ್ಲಾ ಬೋಲ್ಟಲ್ಲಿ ಕೂರುವ ಪಾರ್ಟುಗಳು. ಗುಜರಿಯಲ್ಲಿ ಅದೇ ಮಾಡೆಲ್, ಅದೇ ಬಣ್ಣದ್ದು ಹುಡುಕಿ. ರಿಪೇರಿಯಲ್ಲಿ ದುಡ್ಡು ತಿನ್ನುವುದು ಪೇಂಟಿಂಗ್, ಬಣ್ಣ ಹೊಂದಿದರೆ ಆ ಖರ್ಚೇ ಇಲ್ಲ. ಒಂದೇ ಹೆಸರಿನ ಕಾರಾದರೂ ನಡುವೆ ಲೈಟಿನ ಆಕಾರ, ಕ್ಲಿಪ್ಪಿನ ಜಾಗ ಬದಲಾಗಿರುತ್ತವೆ, ಹಾಗಾಗಿ ಹಳೇ ಪಾರ್ಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಂಪರ್ ಸೀಳಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಸಾಕು. ಸಣ್ಣಪುಟ್ಟ ಡೆಂಟ್ ಹಾಗೇ ಇರಲಿ. ದಪ್ಪಗೆ ಪುಟ್ಟಿ ಮೆತ್ತಿಸಿದರೆ ಮುಂದೆ ಬಿರುಕು ಬಿಟ್ಟು ಒಳಗೆ ತುಕ್ಕು ಹಿಡಿಯಬಹುದು.

ರೇಡಿಯೇಟರ್ ಮಾತ್ರ ಹೊಸದೇ ಹಾಕಿಸಿ. ಕಾರು ತಯಾರಿಸಿದ ಕಂಪನಿಯದ್ದೇ ಆಗಬೇಕಿಲ್ಲ, ಒಳ್ಳೆಯ ಬೇರೆ ತಯಾರಿಕೆಯದ್ದು ಸಾಕು. ಹಳೆಯದು ಒಳಗೆ ಎಷ್ಟು ಕಟ್ಟಿಕೊಂಡಿದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಅದರ ಮುಂದೆಯೇ ಎಸಿಯ ಗ್ಯಾಸ್ ತಣಿಸುವ ಕಂಡೆನ್ಸರ್ ಇರುವುದರಿಂದ ಅದಕ್ಕೂ ಏಟು ಬಿದ್ದಿರುತ್ತದೆ. ದುಡ್ಡು ಸಾಲದಿದ್ದರೆ ಎಸಿ ಆಮೇಲೆ ನೋಡಿಕೊಳ್ಳಿ, ಆದರೆ ಅದರ ಪೈಪುಗಳನ್ನು ಬಾಯಿ ತೆರೆದು ಬಿಡಬೇಡಿ, ತೇವ ಸೇರಿದರೆ ಅದನ್ನು ಹೀರುವ ಡ್ರೈಯರ್ ಕೂಡ ಬದಲಾಯಿಸಬೇಕಾಗುತ್ತದೆ.

ದುಡ್ಡು ಉಳಿಸಲೇಬಾರದ ಕಡೆ ಎರಡು. ಒಂದು, ಬಾನೆಟ್ ಲಾಕ್. ಅದು ಚೂರು ಸೊಟ್ಟಗಿದ್ದರೂ ಕಾರು ಓಡುವಾಗ ಬಾನೆಟ್ ತೆರೆದುಕೊಂಡು ಗಾಜಿಗೆ ಬಡಿಯಬಹುದು. ಇನ್ನೊಂದು, ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್. ಏರ್‌ಬ್ಯಾಗ್ ತೆರೆಯದಿದ್ದರೂ ಬೆಲ್ಟ್ ಎಳೆದು ಹಿಡಿಯುವ ಪ್ರಿಟೆನ್ಷನರ್ ಸಿಡಿದಿರಬಹುದು, ಅದು ಒಂದೇ ಸಲ ಕೆಲಸ ಮಾಡುವಂಥದ್ದು. ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ದೀಪ ಆರದೆ ಉರಿಯುತ್ತಿದ್ದರೆ ಸ್ಕ್ಯಾನ್ ಮಾಡಿಸಿ. ದೀಪದ ವೈರ್ ಕಿತ್ತುಬಿಡೋಣ ಅನ್ನುವ ಮೆಕ್ಯಾನಿಕ್ ಹತ್ತಿರ ಕಾರು ಬಿಡಲೇಬೇಡಿ.

ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಬೆಳಕಿನ ಎತ್ತರ ಹೊಂದಿಸಿ. ಅಲೈನ್‌ಮೆಂಟ್ ಕೂರುತ್ತಲೇ ಇಲ್ಲ ಅಂದರೆ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಅಥವಾ ಚಕ್ರ ತಿರುಗಿಸುವ ಟೈ ರಾಡ್ ಬಾಗಿದೆ ಅಂತ ಅನುಮಾನಪಡಿ.

ಇನ್ನು ವಿಮೆ. ಇಂಥ ಕಾರಿಗೆ ಮುಂದಿನ ಸಲ ಕಂಪನಿ ಕಟ್ಟುವ ಬೆಲೆ ಇನ್ನೂ ಕಡಿಮೆಯಾಗಿರುತ್ತದೆ. ಆ ಬೆಲೆಯಲ್ಲಿ ನೀವೇ ಹೊರಬೇಕಾದ ಪಾಲು ಕಳೆದು, ಉಳಿದದ್ದನ್ನು ಪ್ರೀಮಿಯಂ ಪಕ್ಕ ಇಟ್ಟು ನೋಡಿ. ಅಂತರ ಸಣ್ಣದಿದ್ದರೆ ಎದುರಿನವರ ನಷ್ಟ ಭರಿಸುವ ಥರ್ಡ್ ಪಾರ್ಟಿ ವಿಮೆ ಸಾಕು. ಫುಲ್ ಇನ್ಶೂರೆನ್ಸೇ ಬೇಕೆಂದರೆ ರಿಪೇರಿ ಬಿಲ್ಲು, ಬಂಪರ್ ಬಿಚ್ಚಿದಾಗಿನ ಫೋಟೋ, ಕೆಲಸ ಮುಗಿದ ಮೇಲಿನ ಫೋಟೋ ಎಲ್ಲಾ ಜೋಪಾನವಾಗಿಡಿ. ಹಳೇ ಏಟನ್ನು ಸರಿ ಮಾಡಿಸಿದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ ಮುಂದಿನ ಕ್ಲೇಮಲ್ಲಿ ಜಖಂ ನೋಡಿ ನಷ್ಟ ಲೆಕ್ಕ ಹಾಕುವ ಸರ್ವೇಯರ್ ಅದನ್ನೇ ಹಿಡಿದು ದುಡ್ಡು ಕಡಿತ ಮಾಡಬಹುದು.