ಬೇಸ್‌ಮೆಂಟ್ ತೋಡಲು ಜೆಸಿಬಿ ಸಾಕಾ, ಹಿಟಾಚಿ ಬೇಕಾ? ಮೋಲ್ಡ್‌ಗೆ ಮಿಕ್ಸರ್ರೋ ಆರ್‌ಎಂಸಿಯೋ?

ಬೆಂಗಳೂರಿನಲ್ಲಿ 40×60 ಸೈಟು, 10 ಅಡಿ ಬೇಸ್‌ಮೆಂಟ್, ಮೇಲೆ ಮೂರು ಅಂತಸ್ತು, ಮುಂದೆ 30 ಅಡಿ ರಸ್ತೆ. ಯಾವ ಮಷಿನ್ ತರಿಸಲಿ ಅಂತ ಕೇಳಿದ್ದೀರಿ. ನಾನು ಸೈಟ್ ಇಂಜಿನಿಯರ್. ಗಂಟೆಗೆ ಬಾಡಿಗೆ ಎಷ್ಟು ಅನ್ನುವುದು ಆಮೇಲೆ, ಮೊದಲು ಮಣ್ಣು ಎಲ್ಲಿಗೆ ಹೋಗುತ್ತದೆ ಅಂತ ನೋಡಿ.

ಸುತ್ತ ಜಾಗ ಬಿಟ್ಟು 36×52 ಅಡಿ ತೋಡುತ್ತೀರಿ ಅಂದುಕೊಳ್ಳೋಣ. 10 ಅಡಿ ಆಳಕ್ಕೆ 18,720 ಘನ ಅಡಿ. ಅಗೆದ ಮಣ್ಣು ಉಬ್ಬುತ್ತದೆ, ಕಾಲು ಭಾಗ ಜಾಸ್ತಿ ಹಿಡಿದರೆ 23,400. ಟಿಪ್ಪರಿಗೆ 300 ಘನ ಅಡಿಯಂತೆ 78 ಲೋಡು. 20 ಟನ್ನಿನ ಹಿಟಾಚಿ (ಟಯರಲ್ಲ, ಚೈನಿನ ಮೇಲೆ ಓಡುವ ಮಷಿನ್) ಒಂದು ಬಕೆಟ್ಟಿಗೆ 30 ಘನ ಅಡಿ ಎತ್ತುತ್ತದೆ, ಐದು ನಿಮಿಷದೊಳಗೆ ಟಿಪ್ಪರ್ ತುಂಬಿಸಿಬಿಡುತ್ತದೆ. ಜೆಸಿಬಿಯ ಹಿಂದಿನ ಬಕೆಟ್ಟಿಗೆ 9 ಘನ ಅಡಿ ಹಿಡಿಯುತ್ತದೆ, ಅದಕ್ಕೆ ಹದಿನೈದು ನಿಮಿಷ ಬೇಕು. ಹಾಗಾದರೆ ದೊಡ್ಡದೇ ಒಳ್ಳೆಯದು ಅಲ್ವಾ ಅಂತೀರಿ. ಟಿಪ್ಪರ್ ಮಣ್ಣು ಸುರಿದು ವಾಪಸ್ ಬರಲು ಒಂದು ಗಂಟೆ ಬೇಕಾದರೆ, ದೊಡ್ಡ ಹಿಟಾಚಿ ಸುಮ್ನೆ ನಿಲ್ಲದಿರಲು 13 ಟಿಪ್ಪರ್ ಬೇಕು, ಜೆಸಿಬಿಗೆ 5 ಸಾಕು. ನಿಮ್ಮ ರಸ್ತೆಯಲ್ಲಿ 13 ಟಿಪ್ಪರ್ ಎಲ್ಲಿ ನಿಲ್ಲಿಸುತ್ತೀರಿ? ಬೆಳಿಗ್ಗೆ ಸಂಜೆ ದೊಡ್ಡ ಗಾಡಿಗಳನ್ನು ಬಿಡದ ರಸ್ತೆಗಳು ಬೇರೆ ಇವೆ.

ಜೆಸಿಬಿಗೆ 15 ಅಡಿ ಹತ್ತಿರ ಆಳ ಹೋಗುವ ಶಕ್ತಿ ಇದೆ, ಆಳದ ತೊಂದರೆ ಇಲ್ಲ. ಆದರೆ ಅದರ ಕೈ ಹಿಂದಕ್ಕೆ ಅರ್ಧ ಸುತ್ತು ಮಾತ್ರ ತಿರುಗುತ್ತದೆ, ಪ್ರತಿ ಸಲ ಗಾಡಿ ಜರುಗಿಸಬೇಕು, ಮಳೆ ಬಿದ್ದರಂತೂ ಗುಂಡಿಯೊಳಗೆ ಟಯರು ಜಾರಿ ಅಲ್ಲೇ ಕೂತುಬಿಡುತ್ತದೆ. ಅದಕ್ಕೇ ನಾನಾದರೆ 7-8 ಟನ್ನಿನ ಚಿಕ್ಕ ಹಿಟಾಚಿ ಮತ್ತು 5 ಟಿಪ್ಪರ್ ಹಿಡಿಯುತ್ತೇನೆ. ಬಕೆಟ್ ಜೆಸಿಬಿಯಷ್ಟೇ ಇದ್ದರೂ ನಿಂತಲ್ಲೇ ಪೂರ್ತಿ ಸುತ್ತುತ್ತದೆ. ಸೈಟಿನ ಹಿಂಭಾಗದಿಂದ ಶುರು ಮಾಡಿ, ಮೇಲೆ ನಿಂತುಕೊಂಡೇ ತೋಡುತ್ತಾ ರಸ್ತೆ ಕಡೆಗೆ ಹಿಂದೆ ಬರಲಿ, ಆಗ ಕೊನೆಗೆ ಮಷಿನ್ ಹೊರಗೆ ತರುವುದು ಹೇಗೆ ಅನ್ನುವ ತಲೆನೋವು ಇರುವುದಿಲ್ಲ. ಪಕ್ಕದ ಮನೆ ಕಾಂಪೌಂಡ್ ಅಂಟಿಕೊಂಡಿದ್ದರೆ ಆ ಕಡೆ ಒಂದೇ ಸಲ ನೇರಕ್ಕೆ ಕಡಿಸಬೇಡಿ, ತುಂಡು ತುಂಡಾಗಿ ತೋಡಿ ಆಸರೆ ಕೊಡಿಸಿ. ಆಪರೇಟರ್ ಅವಸರ ಮಾಡುತ್ತಾನೆ, ಗೋಡೆ ಬಿದ್ದರೆ ಜಗಳ ನಿಮ್ಮದು.

ಇನ್ನು ಬಂಡೆ. ಮೊದಲೇ ಎರಡು ಕಡೆ ಗುಂಡಿ ತೆಗೆಸಿ ನೋಡಿ. ಕೆಳಗೆ ಬಂಡೆ ಸಿಕ್ಕರೆ ಅದನ್ನು ಒಡೆಯುವ ಬ್ರೇಕರ್ ಬೇಕು, ಆಗ ದೊಡ್ಡ ಹಿಟಾಚಿಯ ಲೆಕ್ಕ ಬೇರೆಯೇ ಆಗುತ್ತದೆ.

ಕಾಂಕ್ರೀಟಿಗೆ ಒಂದೇ ಮಷಿನ್ ಅಂತ ಗಂಟು ಬೀಳಬೇಡಿ. 9×12 ಇಂಚಿನ 10 ಅಡಿ ಪಿಲ್ಲರಿಗೆ ಬೇಕಾಗುವುದು ಏಳೂವರೆ ಘನ ಅಡಿ. ಒಂದು ಮೂಟೆ ಸಿಮೆಂಟ್ ಹಿಡಿಯುವ ಮಿಕ್ಸರ್ ಒಂದು ಸಲಕ್ಕೆ ಸುಮಾರು 7 ಘನ ಅಡಿ ಕೊಡುತ್ತದೆ. 15 ಪಿಲ್ಲರಿಗೆ ಆರ್‌ಎಂಸಿ (ಪ್ಲಾಂಟಿನಲ್ಲೇ ಕಲಸಿ ಗಾಡಿಯಲ್ಲಿ ತರುವ ರೆಡಿ ಕಾಂಕ್ರೀಟ್) ಕರೆಸಿದರೆ ಅರ್ಧ ಗಾಡಿಗೆ ಪೂರ್ತಿ ಗಾಡಿಯ ದುಡ್ಡು ಕೊಡಬೇಕಾಗಬಹುದು. ಮೋಲ್ಡ್, ಅಂದರೆ ತಾರಸಿ ಕಾಂಕ್ರೀಟ್, ಹಾಗಲ್ಲ. 1,500 ಚದರ ಅಡಿ, 5 ಇಂಚು, ಬೀಮ್ ಸೇರಿ 830 ಘನ ಅಡಿ ಹತ್ತಿರ ಬರುತ್ತದೆ, ಅಂದರೆ ಮಿಕ್ಸರಿನಲ್ಲಿ 120 ಸಲ. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ನಡೆಯುತ್ತದೆ, ಮಧ್ಯೆ ಮಿಕ್ಸರ್ ಕೆಟ್ಟರೆ ಮೋಲ್ಡಿನಲ್ಲಿ ಹಳೆಯದಕ್ಕೂ ಹೊಸದಕ್ಕೂ ನಡುವೆ ಜಾಯಿಂಟ್ ಬೀಳುತ್ತದೆ. 6 ಘನ ಮೀಟರಿನ ನಾಲ್ಕು ಆರ್‌ಎಂಸಿ ಗಾಡಿಯಲ್ಲಿ ಅದೇ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಪಾಯ, ಪಿಲ್ಲರ್ ಮಿಕ್ಸರಿನಲ್ಲಿ ಮಾಡಿ. ಬೇಸ್‌ಮೆಂಟ್ ಗೋಡೆ, ಮೋಲ್ಡ್ ಆರ್‌ಎಂಸಿಯಲ್ಲಿ.

ಕಾಂಕ್ರೀಟ್ ಮೇಲೆತ್ತಲು ಬೂಮ್ ಪಂಪ್ (ಉದ್ದ ಕೈ ಇರುವ ಪಂಪ್ ಲಾರಿ) ಬೇಡ. ಅದು ಕಾಲು ಚಾಚಿ ನಿಂತರೆ ನಿಮ್ಮ ರಸ್ತೆ ಬಂದ್, ಮೇಲೆ ಕರೆಂಟ್ ತಂತಿ ಬೇರೆ. ಮೂರು ಅಂತಸ್ತಿಗೆ ಪೈಪ್ ಜೋಡಿಸಿ ಕಳಿಸುವ ಲೈನ್ ಪಂಪ್ ಸಾಕು. ಪೈಪಿಗೆ ಮೊದಲು ಬಿಡುವ ಸಿಮೆಂಟ್ ಹಾಲನ್ನು ಪಿಲ್ಲರ್, ಬೀಮ್ ಒಳಗೆ ಬಿಡಿಸಬೇಡಿ, ಹೊರಗೆ ಚೆಲ್ಲಿಸಿ. ಪಂಪಿನಲ್ಲಿ ಬೇಸ್‌ಮೆಂಟ್ ಗೋಡೆ ತುಂಬುವಾಗ ಹುಷಾರು, ಒಂದೇ ಕಡೆ ಮೇಲಿನವರೆಗೆ ಸುರಿದರೆ ಒತ್ತಡಕ್ಕೆ ಸೆಂಟ್ರಿಂಗ್ ಬಾಯಿ ಬಿಡುತ್ತದೆ, ಒಂದೂವರೆ ಅಡಿಯಂತೆ ಸುತ್ತು ಹಾಕಿಕೊಂಡು ಬನ್ನಿ. ಗಾಡಿ ಪ್ಲಾಂಟಿನಲ್ಲಿ ತುಂಬಿದ ಹೊತ್ತು ಚಲನ್‌ನಲ್ಲಿ ಇರುತ್ತದೆ. ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಗಟ್ಟಿಯಾಯಿತು ಅಂತ ಡ್ರೈವರ್ ನೀರಿನ ಪೈಪ್ ಹಿಡಿದರೆ ಅಲ್ಲೇ ನಿಲ್ಲಿಸಿ.

ಎಲ್ಲರೂ ಮರೆಯುವುದು ವೈಬ್ರೇಟರ್, ಅಂದರೆ ಸುರಿದ ಕಾಂಕ್ರೀಟನ್ನು ನಡುಗಿಸಿ ಗಾಳಿ ಬಿಡಿಸುವ ಮಷಿನ್. 40 ಎಂಎಂ ನೀಡಲಿನವು (ಕಾಂಕ್ರೀಟಿನೊಳಗೆ ಇಳಿಸುವ ಕೊಳವೆ) ಎರಡು ಇರಲಿ, ಅದರಲ್ಲಿ ಒಂದು ಪೆಟ್ರೋಲಿನದು, ಕರೆಂಟ್ ಹೋದಾಗ ಬೇಕಾಗುತ್ತದೆ. ಗೋಡೆ ಹಿಂದೆ ಮಣ್ಣು ತುಂಬಿ ಒತ್ತಲು ಜೆಸಿಬಿ ಹತ್ತಿಸಬೇಡಿ, ಕೈಯಲ್ಲಿ ಹಿಡಿಯುವ ರ‍್ಯಾಮರ್ ಬಾಡಿಗೆಗೆ ಸಿಗುತ್ತದೆ.

ಬಾಡಿಗೆ ಮಾತಾಡುವಾಗ ಮೂರು ಕೇಳಿ: ಡೀಸೆಲ್ ಯಾರದು, ಕನಿಷ್ಠ ಎಷ್ಟು ಗಂಟೆ, ಹಿಟಾಚಿ ಹೊತ್ತು ತರುವ ಲಾರಿ ಬಾಡಿಗೆ ಒಂದು ಕಡೆಗೋ ಎರಡೂ ಕಡೆಗೋ. ಮಷಿನ್ ಓಡಿದ ಗಂಟೆ ತೋರಿಸುವ ಮೀಟರಿನ ಫೋಟೋ ಬೆಳಿಗ್ಗೆ ಸಂಜೆ ನೀವೇ ತೆಗೆದಿಟ್ಟುಕೊಳ್ಳಿ.