ಔಷಧ ನಿಲ್ಲಿಸಿ ಮೂರು ವಾರವಾದರೆ ಸಿಗಡಿಯಲ್ಲಿ ಅದರ ಅಂಶ ಉಳಿಯುತ್ತದೆಯೇ?

ಹೊಂಡದ ಸಿಗಡಿಗೆ ಮೇವಿನಲ್ಲಿ ಫ್ಯುರಾಜೋಲಿಡೋನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಬೆರೆಸಿ ಕೊಟ್ಟಿದ್ದೀರಿ. ಕೊಯ್ಲಿಗೆ ಇನ್ನು ಮೂರು ವಾರವಿದೆ, ಅಷ್ಟರಲ್ಲಿ ಎಲ್ಲ ಇಳಿದುಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ಆಹಾರದಲ್ಲಿ ಉಳಿದ ಔಷಧದ ಅಂಶ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ದಯವಿಟ್ಟು ಆ ಮಾತನ್ನು ನಂಬಬೇಡಿ.

ಮೂಲ ಔಷಧ ಬೇಗ ಒಡೆಯುತ್ತದೆ, ಅಷ್ಟು ಮಾತ್ರ ನಿಜ. ತೊಂದರೆ ಇರುವುದು ಒಡೆದ ಚೂರುಗಳಲ್ಲಿ. ದೇಹದ ಕಿಣ್ವಗಳು ಅದರ ನೈಟ್ರೋ ಗುಂಪನ್ನು ಅಪಕರ್ಷಿಸಿದಾಗ, ಅಂದರೆ ಆ ಭಾಗದ ಆಮ್ಲಜನಕವನ್ನು ಕಳಚಿದಾಗ, ಹುಟ್ಟುವ ಅಣು ಬಹಳ ಚುರುಕು. ಒಂಟಿಯಾಗಿ ನಿಲ್ಲದೆ, ಪಕ್ಕದಲ್ಲಿ ಸಿಕ್ಕ ಪ್ರೋಟೀನಿಗೆ ಬೆಸೆದುಕೊಂಡುಬಿಡುತ್ತದೆ. ಬಿಳಿ ಪಂಚೆಯ ಮೇಲೆ ಅರಿಸಿನದ ನೀರು ಚೆಲ್ಲಿದಂತೆ: ನೀರು ಆರುತ್ತದೆ, ಕಲೆ ಕೂರುತ್ತದೆ. ಹಂದಿಗಳಲ್ಲಿ ಔಷಧ ನಿಲ್ಲಿಸಿ ಆರು ವಾರವಾದ ಮೇಲೂ ಇದು ಸಿಕ್ಕಿದೆ. ಬೇಯಿಸಿದರೂ ಹುರಿದರೂ ಬಹುಪಾಲು ಹಾಗೆಯೇ ಉಳಿಯುತ್ತದೆ.

ಆದ್ದರಿಂದಲೇ ನಾವು ಮೂಲ ಔಷಧವನ್ನು ಹುಡುಕುತ್ತಿರಲಿಲ್ಲ. ಒಂದು ಗ್ರಾಂ ಸಿಗಡಿ ಮಾಂಸವನ್ನು ಅರೆದು, ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಡುತ್ತಿದ್ದೆವು. ಆಮ್ಲ ಬೆಸುಗೆ ಬಿಡಿಸಿ, ಎಒಝಡ್ ಎಂಬ ತುಣುಕನ್ನು ಹೊರತರುತ್ತದೆ. ಜೊತೆಗೆ ಹಾಕಿದ ನೈಟ್ರೋಬೆಂಝಾಲ್ಡಿಹೈಡ್ ಎಂಬ ರಾಸಾಯನಿಕ ಅದಕ್ಕೆ ಅಂಟಿಕೊಂಡು, ಯಂತ್ರಕ್ಕೆ ಸುಲಭವಾಗಿ ಗೋಚರಿಸುವಂತೆ ಮಾಡುತ್ತದೆ. ಸಂಜೆ ಕೊಳವೆಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವಾಗ ನನಗೆ ಪ್ರತಿ ಸಲವೂ ಒಂದೇ ಯೋಚನೆ: ತಿಂದವರ ಹೊಟ್ಟೆಯಲ್ಲೂ ಇದೇ ಆಮ್ಲ, ಇದೇ ಶಾಖ. ಮಾಂಸಕ್ಕೆ ಬೆಸೆದಿದ್ದು ಅಲ್ಲಿಯೂ ಬಿಡುಗಡೆಯಾಗಬಲ್ಲದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗೆಡ್ಡೆ ತಂದ ಔಷಧವಿದು.

ಐರೋಪ್ಯ ಒಕ್ಕೂಟ ಇದನ್ನು 1995ರಲ್ಲೇ ನಿಷೇಧಿಸಿದೆ. ಈಗ ಅಲ್ಲಿ ಕಿಲೋಗೆ 0.5 ಮೈಕ್ರೋಗ್ರಾಂ ಕಂಡರೂ ಸರಕಿನ ಮೇಲೆ ಕ್ರಮ. ಭಾರತದಲ್ಲೂ ಸಿಗಡಿ ಸಾಕಣೆಯಲ್ಲಿ ಈ ಔಷಧ ಸೇರಿರುವ ಗುಂಪಾದ ನೈಟ್ರೋಫ್ಯುರಾನ್‌ಗಳಿಗೆ ನಿಷೇಧವಿದೆ. ಇಷ್ಟು ದಿನ ಬಿಟ್ಟು ಹಿಡಿದರೆ ಸುರಕ್ಷಿತ ಎಂಬ ಲೆಕ್ಕ ಈ ಔಷಧಕ್ಕೆ ಇಲ್ಲ.

ಬೆರೆಸಿದ ಮೇವನ್ನು ಇಂದೇ ನಿಲ್ಲಿಸಿ, ಪೊಟ್ಟಣವನ್ನು ಎಸೆಯದೆ ಇಟ್ಟುಕೊಳ್ಳಿ. ಕೊಯ್ಲಿಗೆ ಮುಂಚೆ ಪ್ರತಿ ಹೊಂಡದಿಂದ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಿ. ಕಳುಹಿಸುವಾಗ ಎಒಝಡ್ ನೋಡಬೇಕೆಂದು ಬರೆದುಕೊಡಿ. ಅಂಶ ಸಿಕ್ಕರೆ ಆ ಹೊಂಡದ ಸಿಗಡಿಯನ್ನು ರಫ್ತಿಗೂ ಕೊಡಬೇಡಿ, ಊರಿನ ಸಂತೆಗೂ ಕಳುಹಿಸಬೇಡಿ. ನಷ್ಟ ದೊಡ್ಡದು ಎಂದು ಬಲ್ಲೆ. ಆದರೂ ಕಳುಹಿಸಬೇಡಿ.